ಸೂರು ಮತ್ತು ಮಾಗಿಯ ಚಳಿ

ಬೆಂಗಳೂರಿನದೂ ಒಂದು ಚಳಿಯೇ ಎಂದು ಉತ್ತರ ದೇಶದಲ್ಲಿ ನೆಲೆಸಿರುವ ನನ್ನ ಬಂಧುಗಳು ನಗುವುದುಂಟು. ಹಿಮ ಬೀಳದ, ನೀರು ಹೆಪ್ಪುಗಟ್ಟದ ಊರಿನವರು ಚಳಿಯ ಮಾತೆತ್ತಿದರೆ ಅವರಿಗೆ ನಗು ಬರುವುದು ಸಹಜ. ಆದರೂ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಪ್ರಸ್ಥಭೂಮಿಯಲ್ಲಿ ಮಾಗಿಯ ಚಳಿ ಹುಡುಗಾಟದ್ದಲ್ಲ. 1884ರ ಜನವರಿ 13ರಂದು ಬೆಂಗಳೂರಿನ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಅದಕ್ಕಿಂತ ಕಡಿಮೆ ಉಷ್ಣಾಂಶ ಇಲ್ಲಿ ದಾಖಲಾಗಿಲ್ಲ. ಸಾಮಾನ್ಯವಾಗಿ ಜನವರಿಯ ರಾತ್ರಿಗಳಲ್ಲಿ ಅದು 15ರ ಆಸುಪಾಸಿನಲ್ಲಿರುತ್ತದೆ. ಒಳ್ಳೆಯ ಸೂರಿನಡಿ ಮಲಗಿದವನಿಗೆ ಇದೊಂದು ಕಂಬಳಿಯ ಚಳಿ. ತೆಳುವಾದ ತಗಡಿನಡಿ ಹಸುಗೂಸನ್ನು ಮಲಗಿಸಿಕೊಂಡ ತಾಯಿಗೆ ಅಷ್ಟು ಹಗುರವಲ್ಲ.

ನಮ್ಮ ಚಳಿಗಾಲಕ್ಕೆ ಇನ್ನೊಂದು ಲಕ್ಷಣವಿದೆ. ಅದು ಒದ್ದೆಯಾಗಿಯೇ ಆರಂಭವಾಗುತ್ತದೆ. ಅಕ್ಟೋಬರ್, ನವೆಂಬರ್ ತಿಂಗಳುಗಳು ಹಿಂಗಾರಿನ ಕಾಲ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತವೆದ್ದರೆ ಡಿಸೆಂಬರಿನಲ್ಲೂ ಜಡಿಮಳೆ ತಪ್ಪದು. 2024ರ ನವೆಂಬರ್ ಕೊನೆಗೆ ಪುದುಚೇರಿಯ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತದ ಸಮಯದಲ್ಲಿ ಬೆಂಗಳೂರಿನವರು ಬಿಸಿಲು ಕಾಣದೆ ಹಗಲಿನಲ್ಲೇ ನಡುಗಿದ್ದು ನಿಮಗೆ ನೆನಪಿರಬಹುದು. ಆದುದರಿಂದ ಈ ಸೀಮೆಯಲ್ಲಿ ಸೋರುವ ಸೂರಿನ ಚಿಂತೆಯೂ ಚಳಿಯ ಚಿಂತೆಯೂ ಬೇರೆ ಬೇರೆಯಲ್ಲ.

ದಂಡಿನ ಕೆಲವು ಬಂಗಲೆಗಳಲ್ಲಿ ಆಂಗ್ಲರು ಚಳಿ ಕಾಯಿಸಲೆಂದು ಗೋಡೆಯೊಳಗೆ ಅಗ್ಗಿಷ್ಟಿಕೆಯನ್ನೂ ಅದರ ಹೊಗೆ ಹೋಗಲು ಗೂಡನ್ನೂ ಕಟ್ಟಿಸಿದರು. ನಮ್ಮ ಹಳ್ಳಿಯ ಮನೆಗಳಲ್ಲಿ ಅಂಥದೊಂದು ಏರ್ಪಾಡು ಇರಲಿಲ್ಲ. ಹಾಗೆಂದು ನಮ್ಮ ಹಿರಿಯರು ಚಳಿಯಲ್ಲಿ ನಡುಗುತ್ತ ಕುಳಿತಿದ್ದರೆಂದಲ್ಲ. ಅವರು ಆ ಕೆಲಸವನ್ನು ಸೂರಿಗೆ ಒಪ್ಪಿಸಿದ್ದರು.

ಬಡವನ ಗುಡಿಸಲಿಗೆ ಹುಲ್ಲಿನ ಹೊದಿಕೆ. ಹುಲ್ಲಿನ ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿಯೇ ಅಲ್ಲಿ ಕಂಬಳಿಯ ಕೆಲಸ ಮಾಡುತ್ತಿತ್ತು. ಕೊಂಚ ಅನುಕೂಲಸ್ಥನದು ಮಣ್ಣಿನ ಮಾಳಿಗೆ: ತೊಲೆ, ಅದರ ಮೇಲೆ ಜಂತೆ, ಅದರ ಮೇಲೆ ಕಡ್ಡಿ ಸೊಪ್ಪುಗಳ ಹಾಸು, ಮೇಲೆ ದಪ್ಪನೆಯ ಮಣ್ಣು. ಕೆಲವು ಸೀಮೆಗಳಲ್ಲಿ ಕೊನೆಯ ಪದರವಾಗಿ ಚೌಳುಮಣ್ಣನ್ನು ಹರಡುತ್ತಿದ್ದರು. ಬೆಳೆಗೆ ಬೇಡವಾದ ಆ ಮಣ್ಣು ನೀರು ತಾಗಿದೊಡನೆ ಕದಡಿ ರಂಧ್ರಗಳನ್ನು ಮುಚ್ಚಿಕೊಳ್ಳುವುದರಿಂದ ಮಾಳಿಗೆಗೆ ಬೇಕಾದದ್ದಾಯಿತು. ಹಗಲೆಲ್ಲ ಬಿಸಿಲುಂಡ ಮಣ್ಣು ಇರುಳಿನಲ್ಲಿ ಆ ಕಾವನ್ನು ನಿಧಾನವಾಗಿ ಒಳಗೆ ಬಿಡುತ್ತಿತ್ತು. ಕಲ್ಲು ಹೇರಳವಾಗಿದ್ದ ಕೋಲಾರ, ದೇವನಹಳ್ಳಿ ಕಡೆಯ ಊರುಗಳಲ್ಲಿ ಕಲ್ಲುಚಪ್ಪಡಿಗಳನ್ನೇ ಹಾಸಿ ಸಂದುಗಳಿಗೆ ಗಾರೆ ತುಂಬುವುದು ವಾಡಿಕೆ. ನಾಡಹೆಂಚಿನ ಮನೆಯಲ್ಲಿ ಹೆಂಚಿನ ಕೆಳಗೊಂದು ಅಟ್ಟ; ಅದರ ತುಂಬ ಕಾಳುಕಡ್ಡಿ. ಹಲವು ಮನೆಗಳಲ್ಲಿ ದನಕರುಗಳೂ ಒಂದೇ ಸೂರಿನಡಿ ಇರುತ್ತಿದ್ದುದರಿಂದ ಅವುಗಳ ಮೈಯ ಕಾವೂ ಮನೆಗೆ ಸಲ್ಲುತ್ತಿತ್ತು.

ಇವಕ್ಕೆಲ್ಲ ಆರೈಕೆ ಬೇಕಿತ್ತು. ಹುಲ್ಲನ್ನು ಆಗಾಗ ಹೊಸದಾಗಿ ಹೊದಿಸಬೇಕು, ಮಾಳಿಗೆಗೆ ಮಣ್ಣು ಹಾಕಿ ತುಳಿಯಬೇಕು, ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸಬೇಕು. ಮರೆತ ಮನೆ ಸೋರುತ್ತಿತ್ತು. ಶಿಶುನಾಳ ಶರೀಫರು ಸೋರುವ ಮಾಳಿಗೆಯನ್ನು ತಮ್ಮ ತತ್ತ್ವಪದಕ್ಕೆ ವಸ್ತುವಾಗಿ ಆರಿಸಿಕೊಂಡದ್ದು ಕೇಳುವವರಿಗೆಲ್ಲ ಅದರ ಅನುಭವವಿದ್ದುದರಿಂದಲೇ ಇರಬೇಕು.

ಈಗ ನಮ್ಮ ಹೊರವಲಯದ ಕಥೆಗೆ ಬರೋಣ. 1882ರಲ್ಲಿ ಮಹಾರಾಜ ಚಾಮರಾಜ ಒಡೆಯರು ಮೈಸೂರು ಮತ್ತು ಕೊಡಗಿನ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿಯನ್ನು ಕೊಟ್ಟರು. ಸಂಘದ ಡಿ. ಎಸ್. ವೈಟ್ ಅವರ ಹೆಸರಿನಲ್ಲಿ ಅಲ್ಲಿ ವೈಟ್‌ಫೀಲ್ಡ್ ಎಂಬ ಒಕ್ಕಲುತನದ ಊರು ಹುಟ್ಟಿತು. ಮೇಲೆ ಹೇಳಿದ 1884ರ ಚಳಿ ಬಿದ್ದಾಗ ಆ ಊರಿಗೆ ಎರಡೇ ವರ್ಷ. ಅಲ್ಲಿನ ಹಳೆಯ ಮನೆಗಳ ಸೂರು ಮಂಗಳೂರು ಹೆಂಚಿನದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹಬ್ಬಿದ ಈ ಹೆಂಚು ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂರುವಂಥದು. ಹಾಗಾಗಿ ನಾಡಹೆಂಚಿನಂತೆ ಸುಲಭವಾಗಿ ಜಾರದು. ಅದೇ ಕಾಲದ ಇನ್ನೊಂದು ಬಗೆ ಮದ್ರಾಸ್ ತಾರಸಿ. ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ, ಮೇಲೆ ಇಟ್ಟಿಗೆಚೂರು ಮತ್ತು ಸುಣ್ಣದ ಗಾರೆ ಹಾಕಿ, ಬೆಲ್ಲ ಅಳಲೆಕಾಯಿಗಳ ನೀರು ಚಿಮುಕಿಸುತ್ತ ಹೆಂಗಸರು ಸಾಲಾಗಿ ಕುಳಿತು ದಿನಗಟ್ಟಲೆ ಬಡಿಯುತ್ತಿದ್ದರು. ಆ ದಪ್ಪವೇ ಬೇಸಗೆಗೆ ತಂಪು, ಮಾಗಿಗೆ ಬೆಚ್ಚಗೆ.

ಆಮೇಲಿನ ಬದಲಾವಣೆ ಬಹಳ ಬೇಗ ನಡೆಯಿತು. 1970ರ ದಶಕದಿಂದ ಪೀಣ್ಯದಲ್ಲಿ ಕಾರ್ಖಾನೆಗಳ ಶೆಡ್ಡುಗಳು ಸಾಲುಗಟ್ಟಿದವು. 1978ರಲ್ಲಿ ಆರ್. ಕೆ. ಬಾಳಿಗರ ಕನಸಿನಂತೆ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ತಳಹದಿ ಹಾಕಿತು. 1990ರ ದಶಕದಲ್ಲಿ ವೈಟ್‌ಫೀಲ್ಡಿಗೆ ಐ.ಟಿ. ಪಾರ್ಕ್ ಬಂದಿತು. ದುಡಿಯಲು ಬಂದ ಸಾವಿರಾರು ಸಂಸಾರಗಳಿಗೆ ಬಾಡಿಗೆ ಮನೆ ಬೇಕಾಯಿತು. ರಾಗಿಹೊಲದಲ್ಲಿ ವಠಾರಗಳೆದ್ದವು, ಅವುಗಳ ಮೇಲೆ ಕಡಿಮೆ ಖರ್ಚಿನಲ್ಲಿ, ಒಂದೇ ದಿನದಲ್ಲಿ ಹೊದಿಸಬಹುದಾದ ಸಿಮೆಂಟ್ ಶೀಟು ಅಥವಾ ತಗಡು ಬಂತು. ಕಾರ್ಖಾನೆಯ ಸೂರೇ ಮನೆಯ ಸೂರೂ ಆಯಿತು. ಯಂತ್ರಕ್ಕೆ ಮಳೆ ತಾಗದಿದ್ದರೆ ಸಾಕು. ಮನುಷ್ಯನಿಗೆ ಅಷ್ಟು ಸಾಲದು.

ಪೀಣ್ಯದ ಬಳಿ ಶೀಟಿನ ಮನೆಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಮ್ಮೆ ಜನವರಿಯಲ್ಲಿ ಫೋನು ಮಾಡಿ, “ಸಾರ್, ಮಳೆಯೇ ಇಲ್ಲ, ಮನೆ ಸೋರುತ್ತಿದೆ” ಎಂದ. ಯಾವಾಗ ಎಂದರೆ ಬೆಳಗಿನ ಜಾವ. ಎಲ್ಲಿ ಎಂದರೆ ಸೂರಿನ ತುಂಬ. ಅದು ಸೋರಿಕೆಯಲ್ಲ. ಮೋಡವಿಲ್ಲದ ಇರುಳಿನಲ್ಲಿ ತೆಳು ತಗಡು ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಮಲಗಿದವರ ಉಸಿರಿನ, ಅಡುಗೆಯ ಹಬೆ ಅದಕ್ಕೆ ತಾಗಿ ಹನಿಯಾಗಿ ಉದುರುತ್ತದೆ. ಇದಕ್ಕೆ ಡಾಂಬರು ಬಳಿದು ಫಲವಿಲ್ಲ. ಶೀಟಿನ ಕೆಳಗೆ ಒಂದು ಗೇಣು ಜಾಗ ಬಿಟ್ಟು ಬಿದಿರು ಚಾಪೆಯದೋ ಪ್ಲೈವುಡ್ಡಿನದೋ ಒಳಸೂರು ಕಟ್ಟಿ, ಹಬೆ ಹೊರಹೋಗಲು ಗೋಡೆಯ ಮೇಲ್ತುದಿಯಲ್ಲಿ ಕಿಂಡಿ ಬಿಡಬೇಕು. ನಮ್ಮ ಅಜ್ಜಂದಿರ ಅಟ್ಟ ಮಾಡುತ್ತಿದ್ದ ಕೆಲಸವೂ ಇದೇ. ನಿಜವಾದ ಸೋರಿಕೆಯಾದರೆ ಮಳೆ ಬಂದಾಗ, ಒಂದೇ ಜಾಗದಲ್ಲಿ, ಹೆಚ್ಚಾಗಿ ಬೋಲ್ಟಿನ ಬುಡದಲ್ಲಿ ಕಾಣಿಸಿಕೊಳ್ಳುತ್ತದೆ. ಅಲ್ಲಿ ವಾಷರ್ ಬದಲಿಸಬೇಕು.

ಹಳೆಯ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅಂಥ ಶೀಟನ್ನು ಕೊಯ್ಯುವುದು, ಒಡೆಯುವುದು, ತಂತಿ ಬ್ರಷ್ಷಿನಿಂದ ಉಜ್ಜುವುದು ಬೇಡ. ಅದರ ಧೂಳೇ ಅಪಾಯ. ನೇರವಾಗಿ ಅದರ ಮೇಲೆ ಕಾಲಿಡುವುದಂತೂ ಬೇಡವೇ ಬೇಡ. ಶೀಟು ಮುರಿದು ಕೆಳಗೆ ಬಿದ್ದವರುಂಟು.

ಇನ್ನು ಕಾಂಕ್ರೀಟ್ ತಾರಸಿಯವರು. ನೀರಿಳಿಯುವ ಕೊಳವೆಯ ಬಾಯಲ್ಲಿ ಎಲೆ ಕಟ್ಟಿಕೊಂಡು ನೀರು ನಿಲ್ಲುವುದೇ ಅಲ್ಲಿ ಬಹುಪಾಲು ತೊಂದರೆಯ ಮೂಲ. ಹಿಂಗಾರು ಮುಗಿದು ತಾರಸಿ ಪೂರ್ತಿ ಒಣಗಿದ ಜನವರಿ, ಫೆಬ್ರವರಿಯೇ ಬಿರುಕು ಮುಚ್ಚಲು ತಕ್ಕ ಕಾಲ. ಒದ್ದೆಯ ಮೇಲೆ ಬಳಿದ ಹೆಚ್ಚಿನ ಲೇಪಗಳು ನಿಲ್ಲುವುದಿಲ್ಲ.

ನಾನು ಇಷ್ಟೆಲ್ಲ ಬರೆದದ್ದು ಮುಖ್ಯವಾಗಿ ಒಂದು ಮಾತು ಹೇಳುವುದಕ್ಕೆ. ಸೂರು ತನ್ನ ಕೆಲಸ ಮಾಡದ ಮನೆಯಲ್ಲಿ ಜನ ಬೆಂಕಿಯ ಮೊರೆಹೋಗುತ್ತಾರೆ. ಬಾಗಿಲು ಕಿಟಕಿ ಮುಚ್ಚಿ, ಬಾಂಡಲಿಯಲ್ಲಿ ಇದ್ದಿಲ ಕೆಂಡವಿಟ್ಟು ಮಲಗಿದವರು ಮರುದಿನ ಏಳಲಿಲ್ಲವೆಂಬ ಸುದ್ದಿಯನ್ನು ಚಳಿಗಾಲದಲ್ಲಿ ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಕೆಂಡದಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿನೊಡನೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಸೇರಿಕೊಳ್ಳುತ್ತದೆ. ಅಜ್ಜಿಯ ಕಾಲದಲ್ಲಿ ಬಾಣಂತಿಯ ಮಂಚದಡಿ ಕೆಂಡವಿಡುತ್ತಿರಲಿಲ್ಲವೇ ಎಂದು ಕೇಳುವಿರಿ. ಇಡುತ್ತಿದ್ದರು, ಆ ಮನೆಯ ಹೆಂಚಿನ ಸಂದುಗಳಲ್ಲಿ, ಗವಾಕ್ಷಿಯಲ್ಲಿ ಗಾಳಿಯಾಡುತ್ತಿತ್ತು. ಹಾಗಿದ್ದೂ ಅದು ನಿರಪಾಯವಾಗಿರಲಿಲ್ಲ. ಇಂದಿನ ಕೋಣೆಯಲ್ಲಿ ಆ ಸಂದುಗಳೂ ಇಲ್ಲ. ಸ್ನಾನದ ಮನೆಯ ಗ್ಯಾಸ್ ಗೀಸರಿಗೂ ಇದೇ ಮಾತು ಅನ್ವಯಿಸುತ್ತದೆ.

ನಿಮ್ಮಲ್ಲಿ ಕೆಲವರು ಈಗ ಇಂಜಿನಿಯರುಗಳು, ಕೆಲವರು ಮನೆಯ ಮಾಲೀಕರು. ಬಾಡಿಗೆಗೆ ಕೊಟ್ಟ ಶೀಟಿನ ಮನೆಗಳಿದ್ದರೆ ಈ ವರ್ಷ ಒಂದು ಒಳಸೂರು ಕಟ್ಟಿಸಿಕೊಡಿ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆಯೆಂಬ ಮಾತನ್ನು ನಂಬಿ ಕೈಕಟ್ಟಿ ಕುಳಿತರೆ ಮುಂದಿನ ಕಾರ್ತಿಕಕ್ಕೆ ಅದೇ ಸೂರು, ಅದೇ ಹನಿ. ಒಣ ತಿಂಗಳುಗಳು ಇನ್ನೂ ಕೈಯಲ್ಲಿರುವಾಗಲೇ ಏಣಿ ಹಾಕಿ ಒಮ್ಮೆ ಮೇಲೆ ನೋಡಿಬನ್ನಿ.