ಕಡಲೆಂಬ ಹಗೇವು



ನಮ್ಮ ಹತ್ತಿಕುಣಿ ಸೀಮೆಯ ಹಿರಿಯರು ಜೋಳವನ್ನು ಹಗೇವಿನಲ್ಲಿ ಹಾಕಿಡುತ್ತಿದ್ದರು. ನೆಲದೊಳಗೆ ಎಷ್ಟು ಕಾಳು ಉಳಿದಿದೆ ಎಂಬುದು ಮೇಲೆ ನಿಂತವರಿಗೆ ಕಾಣದು. ಆದರೆ ಬುಟ್ಟಿಯ ಹಗ್ಗ ಮೊದಲಿಗಿಂತ ಉದ್ದ ಬೇಕಾಯಿತೆಂದರೆ ಮನೆಯಾಕೆಗೆ ಗೊತ್ತಾಗುತ್ತಿತ್ತು: ಕಾಳು ತಳಕ್ಕೆ ಬಂತು, ಇನ್ನು ಕೈ ಹಿಡಿದು ಬಳಸಬೇಕು. ಕಾಣದ್ದನ್ನು ತಿಳಿಸಿಕೊಡುವ ಇಂಥ ಗುರುತಿಗೇ ಸೂಚಕ ಎನ್ನುತ್ತಾರೆ.

ಸಮುದ್ರವೂ ಅಂಥ ಒಂದು ಹಗೇವು ನೋಡಿ. ಅದರ ಮೀನನ್ನು ಎಣಿಸಿದವರಿಲ್ಲ. ಗುರುತು ತಿಳಿಯದೆ ಹಿಡಿದರೆ ಏನಾದೀತು ಎಂಬುದಕ್ಕೆ ನಮ್ಮ ಪಡುವಣ ಕರಾವಳಿಯ ಬೂತಾಯಿ ಮೀನಿನ ಕಥೆಯೇ ಸಾಕ್ಷಿ. ಕಾರವಾರದ ಕಡೆ ಇದಕ್ಕೆ ತಾರ್ಲೆ ಎನ್ನುತ್ತಾರೆ. ಬಡವರ ಊಟಕ್ಕೂ ಇದೇ, ಎಣ್ಣೆಗೂ ಇದೇ, ತೆಂಗಿನ ಬುಡಕ್ಕೆ ಗೊಬ್ಬರವೂ ಇದೇ.

1940ರ ಆಚೀಚೆ ಈ ಮೀನು ಬಹಳ ಕಡಿಮೆಯಾಯಿತು. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅವರೂ ನಾವೂ ಒಂದೇ ರಾಜ್ಯದವರಾದದ್ದು 1956ರಲ್ಲಿ. 1943ರಲ್ಲಿ ಮದ್ರಾಸ್ ಸರ್ಕಾರ ಬೂತಾಯಿ ಹಿಡಿಯುವುದಕ್ಕೆ ನಿರ್ಬಂಧ ಹಾಕಿತು. ಕೆಲವೇ ವರ್ಷಗಳಲ್ಲಿ ಅದನ್ನು ತೆಗೆದೂ ಹಾಕಿತು. ಮುಂದೆ ಮೀನು ತಿರುಗಿ ಬಂತು. ಬಂದದ್ದು ಕಾನೂನಿನಿಂದಲೋ, ಮಳೆಗಾಲದ ನೀರು ಅನುಕೂಲವಾದದ್ದರಿಂದಲೋ? ಹೇಳಬೇಕಾದರೆ ವರ್ಷವರ್ಷದ ಲೆಕ್ಕ ಬೇಕು. 1947ರಲ್ಲಿ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಹುಟ್ಟಿತು. ಅಂಥ ಲೆಕ್ಕ ಇಡುವುದೇ ಅದರ ಒಂದು ದೊಡ್ಡ ಕೆಲಸವಾಯಿತು.

ಲೆಕ್ಕ ಇಡುವುದು ಹೇಗೆ? ಆರಿಸಿದ ದಿನಗಳಂದು, ಆರಿಸಿದ ದಡಗಳಲ್ಲಿ ಅವರ ಜನ ನಿಲ್ಲುತ್ತಾರೆ. ಮೂರು ಪ್ರಶ್ನೆ ಕೇಳುತ್ತಾರೆ. ಮೊದಲನೆಯದು, ಎಷ್ಟು ದುಡಿಮೆಗೆ ಎಷ್ಟು ಮೀನು? ನಿನ್ನೆ ಹತ್ತು ದೋಣಿ ಹತ್ತು ಬುಟ್ಟಿ ತಂದವು, ಇಂದು ಇಪ್ಪತ್ತು ದೋಣಿ ಅದೇ ಹತ್ತು ಬುಟ್ಟಿ ತಂದವು ಅನ್ನಿ. ದಡದ ರಾಶಿ ಅಷ್ಟೇ ಇದೆ, ದೋಣಿಯ ಪಾಲು ಅರ್ಧವಾಗಿದೆ. ಹಗ್ಗ ಉದ್ದವಾಯಿತು ಎಂದರೆ ಇದೇ. ಎರಡನೆಯದು, ಮೀನಿನ ಅಳತೆ ಎಷ್ಟು? ವರ್ಷದಿಂದ ವರ್ಷಕ್ಕೆ ದೊಡ್ಡವು ಕಡಿಮೆಯಾದರೆ, ಬಲಿಯುವ ಮೊದಲೇ ಹಿಡಿಯುತ್ತಿದ್ದೇವೆ ಎಂಬ ಅನುಮಾನ ಬರಬೇಕು. ಮೂರನೆಯದು, ಮೊಟ್ಟೆ ಇಡಲು ಬಲಿತವು ಎಷ್ಟು? ಬೂತಾಯಿ ಬಲಿಯುವುದು ಸುಮಾರು 15 ಸೆಂಟಿಮೀಟರ್ ಆದಾಗ. ಇವು ಬಿತ್ತನೆ ಬೀಜವಿದ್ದಂತೆ.

ದಡದ ರಾಶಿಯನ್ನಷ್ಟೇ ನೋಡಿದರೆ ಮೋಸ ಹೋದೇವು. ಹಿಂದೆ ಹತ್ತಾರು ಜನ ಕೂಡಿ ರಂಪಣಿ ಬಲೆಯನ್ನು ದಡಕ್ಕೆ ಎಳೆಯುತ್ತಿದ್ದರು; ಮೀನು ತಾನಾಗಿ ದಡದ ಹತ್ತಿರ ಬರಬೇಕಿತ್ತು. 1970ರ ದಶಕದಲ್ಲಿ ಯಂತ್ರದ ದೋಣಿಗಳು ಪರ್ಸೀನ್ ಬಲೆ ಹೊತ್ತು ಮೀನಿರುವಲ್ಲಿಗೇ ಹೋದವು. ರಾಶಿ ಬೆಳೆಯಿತು, ರಂಪಣಿಯವರ ಪಾಲು ಕರಗಿತು. ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತು. 2021ರಲ್ಲಿ ಸಿಕ್ಕಿದ್ದು 3,297 ಟನ್; ನೂರಕ್ಕೆ ಒಂದು ಪಾಲೂ ಇಲ್ಲ! ಕಡಲು ಬಿಸಿಯಾದದ್ದೂ ಕಾರಣ, ಮರಿಗಳನ್ನು ಬಳಿದು ತಂದದ್ದೂ ಕಾರಣ. ನಮ್ಮಲ್ಲಿ ಬರವೂ ಬೀಜ ತಿಂದದ್ದೂ ಒಟ್ಟಿಗೆ ಬಂದರೆ ಹೇಗೋ ಹಾಗೆ.

ಸೂಚಕ ಹೇಳಿದ ಮಾತನ್ನು ನಡೆಸಿದರೆ ತಾನೇ ಫಲ? 1986ರಲ್ಲಿ ಕರ್ನಾಟಕ ಕಡಲ ಮೀನುಗಾರಿಕೆಗೆ ಕಾಯಿದೆ ಮಾಡಿತು. ಈಗ ಪಡುವಣ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳು ದಡದಲ್ಲೇ ಇರಬೇಕು. ಮೀನು ಮೊಟ್ಟೆ ಇಡುವ ಕಾಲ ಅದು. 2015ರಲ್ಲಿ ಕೇರಳ 10 ಸೆಂಟಿಮೀಟರ್‌ಗಿಂತ ಚಿಕ್ಕ ಬೂತಾಯಿ ಹಿಡಿಯಬಾರದೆಂದಿತು. ಪೂರಾ ಬಲಿತ ಅಳತೆ ಅದಲ್ಲ, ಆದರೂ ತೀರಾ ಎಳೆಯ ಮರಿಗಾದರೂ ರಕ್ಷೆ.

ಸಮುದ್ರ ನಮಗೆ ದೂರ, ನಿಜ. ಹತ್ತಿಕುಣಿಯ ಕೆರೆ ಹತ್ತಿರವಿದೆಯಲ್ಲ! ಅಲ್ಲಿ ಬಲೆ ಹಾಕುವವರು ಒಂದು ಪುಸ್ತಕ ಇಡಲಿ: ಎಷ್ಟು ಬಲೆ, ಎಷ್ಟು ಹೊತ್ತು, ಎಷ್ಟು ಮೀನು, ಎಷ್ಟು ಉದ್ದ. ನಾಲ್ಕು ವರ್ಷ ಬರೆದರೆ ನೀರೊಳಗಿನ ಸುದ್ದಿ ದಡಕ್ಕೆ ಬರುತ್ತದೆ. ಹಗೇವಿನ ಹಗ್ಗವನ್ನು ಓದಿದ ಮನೆಗಳಿಗೆ ಈ ವಿದ್ಯೆ ಹೊಸದೇನೂ ಅಲ್ಲ.