ನೊರೆಯ ವ್ಯಾಜ್ಯ

ಹಾಲಿನವನು ಪಾವಿಗೆ ಎತ್ತರದಿಂದ ಹಾಲು ಸುರಿದರೆ ನಮ್ಮ ತಾಯಂದಿರು, "ನೊರೆ ಇಳೀಲಿ, ತಡಿಯಪ್ಪಾ" ಎನ್ನುತ್ತಿದ್ದರು. ಜರ್ಮನಿಯ ಮ್ಯೂನಿಕ್ ನಗರದಲ್ಲಿ ಇದೇ ಜಗಳ ಬಿಯರಿನ ವಿಷಯದಲ್ಲಿ ನಡೆದು ಸಂಘ ಕಟ್ಟುವವರೆಗೆ ಬೆಳೆಯಿತು. ಬಿಯರನ್ನು ಮುಟ್ಟದ ಕನ್ನಡ ಮೇಷ್ಟರಿಗೆ ಇದರ ಉಸಾಬರಿ ಏಕೆಂದು ವಾಚಕರು ಕೇಳಬಹುದು. ಅಳತೆಯ ವ್ಯಾಜ್ಯ ಯಾರದಾದರೇನು, ನನಗೆ ಅದು ರುಚಿಯೇ.

ಬವೇರಿಯದ ಹಳೆಯ ಅಳತೆಯಾದ 'ಮಾಸ್' ಇಂದಿನ ಲೆಕ್ಕದಲ್ಲಿ 1.069 ಲೀಟರು. 1872ರಲ್ಲಿ ಮೆಟ್ರಿಕ್ ಪದ್ಧತಿ ಬಂದಾಗ ಅದು ಒಂದು ಲೀಟರಿಗೆ ಇಳಿಯಿತು. ಹೆಸರು ಉಳಿಯಿತು, ಕುಡಿಯುವವನ ಪಾಲು ಕುಗ್ಗಿತು. ಸಾಲದೆಂಬಂತೆ ನೊರೆಯ ಕಾಟ ಬೇರೆ. ಬಿಯರನ್ನು ಕೊಡುತ್ತಿದ್ದುದು ಸುಟ್ಟ ಮಣ್ಣಿನ ಬೂದುಬಣ್ಣದ ಮಗ್ಗಿನಲ್ಲಿ. ಒಳಗೆ ಬಿಯರೆಷ್ಟು, ಗಾಳಿಯೆಷ್ಟು ಎಂಬುದು ತುಟಿಗೆ ತಗುಲಿದ ಮೇಲೆಯೇ ತಿಳಿಯಬೇಕು. 1892ರಲ್ಲಿ ಅಕ್ಟೋಬರ್‌ಫೆಸ್ಟ್ ಜಾತ್ರೆಗೆ ಗಾಜಿನ ಮಗ್ಗು ಬಂತು, ಗುಟ್ಟು ರಟ್ಟಾಯಿತು. 1899ರಲ್ಲಿ, ಮೋಸದಿಂದ ಸುರಿಯುವವರ ವಿರುದ್ಧವಾಗಿಯೇ ಒಂದು ಸಂಘ ಹುಟ್ಟಿತು.

ಹಾಗೆಂದು ಎಲ್ಲ ನೊರೆಯೂ ಮೋಸವೆಂದರೆ ಅಂಗಡಿಯವನಿಗೆ ಅನ್ಯಾಯವಾದೀತು. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್‌ಗೆ ಬಂದ ಪಾದ್ರಿ ಜೋಸೆಫ್ ಪ್ರೀಸ್ಟ್ಲಿ, ನೆರೆಯ ಬಿಯರ್ ಕಾರ್ಖಾನೆಯ ತೊಟ್ಟಿಗಳ ಮೇಲೆ ನಿಲ್ಲುತ್ತಿದ್ದ ಇಂಗಾಲಾಮ್ಲವಾಯುವನ್ನು ನೀರಿನಲ್ಲಿ ಕರಗಿಸಿದ. ನಮ್ಮ ಸೋಡಾದ ಹುಟ್ಟು ಅಲ್ಲಿ. ಒತ್ತಡ ಹೆಚ್ಚಿದಷ್ಟೂ ವಾಯು ದ್ರವದಲ್ಲಿ ಹೆಚ್ಚಾಗಿ ಕರಗುತ್ತದೆಂದು 1803ರಲ್ಲಿ ಮ್ಯಾಂಚೆಸ್ಟರಿನ ವಿಲಿಯಂ ಹೆನ್ರಿ ತೋರಿಸಿಕೊಟ್ಟ. ತಂಪಿದ್ದರೂ ಹಾಗೆಯೇ. ಒತ್ತಡ ತಟ್ಟನೆ ಇಳಿದರೆ, ಇಲ್ಲವೆ ಶಾಖ ಏರಿದರೆ, ಕರಗಿದ್ದ ವಾಯು ನೊರೆಯಾಗಿ ಹೊರಬೀಳುತ್ತದೆ. ಮ್ಯೂನಿಕ್‌ನ ಕಾರ್ಲ್ ಲಿಂಡೆ 1870ರ ದಶಕದಲ್ಲಿ ಬಿಯರ್ ತಯಾರಕರಿಗೆ ಶೈತ್ಯಯಂತ್ರ ಮಾಡಿಕೊಟ್ಟ ಮೇಲೆ ತಂಪು ವರ್ಷವಿಡೀ ಕೈಗೆಟುಕಿತು.

ಅದೇ ಊರಿನಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಯಲ್ಲಿಯೇ ಬಿಯರಿನ ಪೀಪಾಯಿ ಇಟ್ಟಿದ್ದಾನೆ. ನೊರೆ ಹೆಚ್ಚೆಂದು ವಾಯುವಿನ ಒತ್ತಡವನ್ನು ತೀರ ತಗ್ಗಿಸಿದನಂತೆ, ನೊರೆ ಇಮ್ಮಡಿಯಾಯಿತಂತೆ! ಹೆನ್ರಿಯ ನಿಯಮ ಬಲ್ಲವರಿಗೆ ಇದರಲ್ಲಿ ಸೋಜಿಗವಿಲ್ಲ. ಕರಗಿದ್ದ ವಾಯು ನಲ್ಲಿಗೆ ಬರುವ ಮೊದಲೇ ಕೊಳವೆಯಲ್ಲಿ ಬಿಡಿಸಿಕೊಂಡಿತ್ತು. ಈಗ ಅವನು ಪೀಪಾಯಿಯನ್ನೂ ಕೊಳವೆಯನ್ನೂ ಸುಮಾರು 3 ಡಿಗ್ರಿ ಸೆಂಟಿಗ್ರೇಡಿನ ತಂಪಿನಲ್ಲಿ ಇಟ್ಟು, ಒತ್ತಡ ಮೆಲ್ಲಗೆ ಇಳಿಯಲೆಂದು ಉದ್ದನೆಯ ಸಪೂರ ಕೊಳವೆ ಹಾಕಿಸಿದ್ದಾನೆ. ನಲ್ಲಿಯನ್ನು ಒಮ್ಮೆಗೇ ಪೂರ್ತಿ ತೆರೆಯುತ್ತಾನೆ. ಅರ್ಧ ತೆರೆದರೆ ಇಕ್ಕಟ್ಟಿನಲ್ಲಿ ನುಗ್ಗಿದ ಬಿಯರು ಬರಿಯ ನೊರೆ. ಚೆನ್ನಾಗಿ ತೊಳೆದ ಲೋಟವನ್ನು 45 ಡಿಗ್ರಿ ಓರೆ ಹಿಡಿದು, ಅರ್ಧಕ್ಕೂ ಮಿಕ್ಕಿ ತುಂಬಿದ ಮೇಲೆ ನೆಟ್ಟಗೆ ಮಾಡುತ್ತಾನೆ. ಎರಡು ಬೆರಳಿನಷ್ಟು ನೊರೆ ಇರಲೇಬೇಕಂತೆ, ಪರಿಮಳಕ್ಕೆ.

ಜರ್ಮನಿಯ ಅಂಗಡಿಗಳಲ್ಲಿ ಇಂದು ಲೋಟದ ಮೇಲೆ ಅಳತೆಯ ಗೆರೆ ಉಂಟು: ಬಿಯರು ಗೆರೆಯವರೆಗೆ, ನೊರೆ ಅದರ ಮೇಲೆ. ಆದರೂ ಮ್ಯೂನಿಕ್‌ನವರು ನಿಂತುಹೋಗಿದ್ದ ಆ ಸಂಘವನ್ನು 1970ರಲ್ಲಿ ಮತ್ತೆ ಕಟ್ಟಿದರು.