ಹಾಡಿಯ ಮಾತು, ಹಾಡಿಯ ಕಾರ್ಯಕರ್ತರು: ಗೂಡಲೂರಿನ ಒಂದು ಚರಿತ್ರೆ

ನೀಲಗಿರಿಯ ಗೂಡಲೂರು ಕನ್ನಡ, ತಮಿಳು, ಮಲಯಾಳಂಗಳು ಸಂಧಿಸುವ ಸೀಮೆ. ಜನ್ಮಂ ಎಸ್ಟೇಟುಗಳ ರದ್ದತಿಗೆಂದು 1969ರಲ್ಲಿ ಕಾಯ್ದೆ ಬಂದ ಮೇಲೂ ಇಲ್ಲಿನ ಭೂ ಒಡೆತನದ ವ್ಯಾಜ್ಯಗಳು ತೀರಲಿಲ್ಲ. ಪಣಿಯ, ಬೆಟ್ಟಕುರುಬ, ಕಾಟ್ಟುನಾಯಕ ಮೊದಲಾದ ಸಮುದಾಯಗಳ ಅನೇಕರು ತಲೆಮಾರುಗಳಿಂದ ಬಾಳಿದ ನೆಲದಲ್ಲೇ ಪಟ್ಟಾ ಇಲ್ಲದ ಕೂಲಿಗಳಾದರು. ಇಲ್ಲಿ ಬಡತನದ ಪ್ರಶ್ನೆ ಮೂಲತಃ ಭೂಮಿಯ ಪ್ರಶ್ನೆ.

1980ರ ದಶಕದ ಮಧ್ಯದಲ್ಲಿ ಆರಂಭವಾದ ‘ಅಕಾರ್ಡ್’ ಸಂಸ್ಥೆಯ ಕೆಲಸಕ್ಕೆ ಇದೇ ತಳಹದಿ. ಸ್ಥಾಪಕರಾದ ಸ್ಟ್ಯಾನ್ ಮತ್ತು ಮಾರಿ ತೆಕ್ಕೇಕ್ಕರ ದಂಪತಿ ಹೊರಗಿನಿಂದ ಬಂದವರು. ಹಾಡಿಯಿಂದ ಹಾಡಿಗೆ ನಡೆದು ‘ಆದಿವಾಸಿ ಮುನ್ನೇಟ್ರ ಸಂಗಂ’ ಕಟ್ಟುವಲ್ಲಿ ದುಡಿದವರು ಆದಿವಾಸಿ ಯುವಜನರು. 1988ರಲ್ಲಿ ಭೂಹಕ್ಕಿಗಾಗಿ ಸಾವಿರಾರು ಆದಿವಾಸಿಗಳು ಗೂಡಲೂರಿನ ಬೀದಿಗಿಳಿದರು. ಆರೋಗ್ಯ ಕಾರ್ಯಕರ್ತೆಯರೂ ಹಾಡಿಗಳಿಂದಲೇ ಬಂದರು. 1990ರಲ್ಲಿ ರೂಪುಗೊಂಡ ‘ಅಶ್ವಿನಿ’ಯ ಆಸ್ಪತ್ರೆಯಲ್ಲಿ ಆದಿವಾಸಿ ಯುವತಿಯರು ದಾದಿಯರಾಗಿ ತರಬೇತಾದರು.

ಕಾಟ್ಟುನಾಯಕರ ನುಡಿ ಕನ್ನಡಕ್ಕೆ ನಿಕಟ, ಪಣಿಯರದು ಮಲಯಾಳಂಗೆ. ಬಸುರಿಯ ಅಂಜಿಕೆ ಕಳೆಯಲು, ಲಸಿಕೆಯ ಅಗತ್ಯ ತಿಳಿಸಲು ರಾಜ್ಯಭಾಷೆ ಸಾಲದು, ಮನೆಮಾತೇ ಬೇಕು. ಆ ಮಾತನ್ನು ಬಲ್ಲ ಕಾರ್ಯಕರ್ತೆ ಸಂಸ್ಥೆಗೂ ಸಮುದಾಯಕ್ಕೂ ನಡುವಣ ಅನುವಾದಕಿಯೂ ಹೌದು. ಸ್ಥಾಪಕರ ಹೆಸರಿನಲ್ಲಷ್ಟೇ ಬರೆದ ಚರಿತ್ರೆ ಅರ್ಧ ಚರಿತ್ರೆ. ಮೊದಲ ತಲೆಮಾರಿನ ಕಾರ್ಯಕರ್ತರಿಗೆ ವಯಸ್ಸಾಗುತ್ತಿದೆ. ಅವರ ನೆನಪುಗಳನ್ನು ಅವರ ನುಡಿಯಲ್ಲೇ ದಾಖಲಿಸುವುದು ಗಡಿನಾಡ ಸಂಶೋಧನೆಯ ತುರ್ತು ಹೊಣೆ.